ಇಪ್ಪತ್ತು ಲಕ್ಷ ಪುಟ, ಒಂದೇ ಒಂದು ಬಿಟ್!

ಒಂದು ಪಂದ್ಯ ಕಟ್ಟೋಣವೇ?

ನಿಮ್ಮೆದುರು 8 ಜಿಬಿ ಮೆಮೊರಿಯ ಲಿನಕ್ಸ್ ಕಂಪ್ಯೂಟರ್ ಇದೆ ಎಂದುಕೊಳ್ಳಿ. ಬೆಳಗಿನಿಂದ ಓಡುತ್ತಲೇ ಇದೆ. ಬ್ರೌಸರ್ ತೆರೆದಿದೆ, ಹಾಡು ಕೇಳಿಸುತ್ತಿದೆ, ಒಂದೆರಡು ದೊಡ್ಡ ಫೈಲುಗಳನ್ನು ಪೆನ್‌ಡ್ರೈವ್‌ಗೆ ಹಾಕಿದ್ದೂ ಆಗಿದೆ. ಈಗ ಹೇಳಿ, ಮೆಮೊರಿಯಲ್ಲಿ ಎಷ್ಟು ಖಾಲಿ ಇದ್ದೀತು? ಅರ್ಧ? ಕಾಲು ಭಾಗ?

ಟರ್ಮಿನಲ್ ತೆರೆದು ‘ಫ್ರೀ’ ಆಜ್ಞೆ ಕೊಟ್ಟು ನೋಡಿ. ಖಾಲಿ ಎಂಬ ಕಾಲಂನಲ್ಲಿ ಇನ್ನೂರೋ ಮುನ್ನೂರೋ ಎಂಬಿ ಕಂಡರೂ ಆಶ್ಚರ್ಯವಿಲ್ಲ. ಎಂಟು ಜಿಬಿಯಲ್ಲಿ!

ಎದೆ ಧಸಕ್ಕೆಂದಿತೇ? ವೈರಸ್ ಎಂದುಕೊಂಡಿರಾ? ಅಲ್ಲವೇ ಅಲ್ಲ! ಅಷ್ಟನ್ನೂ ತುಂಬಿಸಿದ್ದು ಕರ್ನಲ್, ಅಂದರೆ ಲಿನಕ್ಸ್‌ನ ತಿರುಳು. ಬೇಕೆಂದೇ ತುಂಬಿಸಿದ್ದು!

ನೀವು ಓದಿದ ಪ್ರತಿ ಫೈಲನ್ನೂ ಅದು ಮೆಮೊರಿಯಲ್ಲಿ ಇಟ್ಟುಕೊಳ್ಳುತ್ತದೆ. ಮುಚ್ಚಿದ ಮೇಲೂ! ಯಾರಿಗೆ ಗೊತ್ತು, ಇನ್ನೊಮ್ಮೆ ಕೇಳಬಹುದು. ಮೆಮೊರಿಯಿಂದ ತೆಗೆದುಕೊಡಲು ಸುಮಾರು 100 ನ್ಯಾನೊಸೆಕೆಂಡು ಸಾಕು. ತಿರುಗುವ ಹಾರ್ಡ್‌ಡಿಸ್ಕಿನಿಂದ ತರಬೇಕಾದರೆ ಸುಮಾರು 10 ಮಿಲಿಸೆಕೆಂಡು ಬೇಕು. ಎಷ್ಟು ಪಟ್ಟು ನಿಧಾನ, ಲೆಕ್ಕ ಹಾಕಿ.

ಒಂದು ಲಕ್ಷ ಪಟ್ಟು!

ಹಾಗಾಗಿ ಕರ್ನಲ್ ಕಣ್ಣಿಗೆ ಖಾಲಿ ಮೆಮೊರಿ ಎಂದರೆ ದಂಡ. ನೀವು ನೋಡಬೇಕಾದ್ದು ಕೊನೆಯ ಕಾಲಂ, ‘ಅವೈಲಬಲ್’. ಬೇಕೆಂದಾಗ ಎಷ್ಟನ್ನು ಬಿಡಿಸಿ ಕೊಡಬಹುದು ಎಂಬ ಅಂದಾಜು ಅದು. ಕರ್ನಲ್ ಈ ಅಂದಾಜನ್ನು ತಾನೇ ಹೇಳಲು ಶುರು ಮಾಡಿದ್ದು 2014ರಲ್ಲಿ. ಅಲ್ಲಿಯವರೆಗೆ ಎಷ್ಟು ಜನ ಸುಮ್ಮಸುಮ್ಮನೆ ಗಾಬರಿಯಾಗಿ ಹೊಸ ರ್‍ಯಾಮ್ ಕೊಂಡರೋ!

ಸರಿ, ಎಲ್ಲ ತುಂಬಿದೆ. ಈಗ ಹೊಸ ಪ್ರೋಗ್ರಾಂ ಬಂದು ಜಾಗ ಕೇಳುತ್ತದೆ. ಯಾರನ್ನೋ ಎಬ್ಬಿಸಲೇಬೇಕು. ಯಾರನ್ನು? ಆ ತೀರ್ಮಾನಕ್ಕೆ ಕರ್ನಲ್ ಬಳಿ ಇರುವ ಸುಳಿವು ಎಷ್ಟು ಗೊತ್ತೇ? ಊಹಿಸುತ್ತಿರಿ. ಉತ್ತರ ಕೇಳಿದರೆ ನಂಬುವುದಿಲ್ಲ!

ಅದಕ್ಕೂ ಮೊದಲು ಇನ್ನೊಂದು ಸಂಖ್ಯೆ.

ಕರ್ನಲ್ ಮೆಮೊರಿಯನ್ನು ಪುಟಗಳಾಗಿ ಎಣಿಸುತ್ತದೆ. ನಮ್ಮ ಸಾಮಾನ್ಯ ಲ್ಯಾಪ್‌ಟಾಪ್‌ಗಳಲ್ಲಿ ಒಂದು ಪುಟ ಎಂದರೆ 4,096 ಬೈಟ್. ಹಾಗಾದರೆ 8 ಜಿಬಿಯಲ್ಲಿ ಎಷ್ಟು ಪುಟ? 20,97,152! ಪ್ರತಿಯೊಂದಕ್ಕೂ ಅದರದೇ ಜಾತಕ. ಯಾರ ಬಳಿ ಇದೆ, ಎಷ್ಟು ಜನ ಹಂಚಿಕೊಂಡಿದ್ದಾರೆ, ಕೊಳೆಯಾಗಿದೆಯೇ, ಅಂದರೆ ಡಿಸ್ಕಿಗೆ ಇನ್ನೂ ಬರೆಯದ ಬದಲಾವಣೆ ಇದೆಯೇ... ಒಂದೊಂದು ಜಾತಕ 64 ಬೈಟ್. ಎಲ್ಲ ಕೂಡಿದರೆ ಬರೀ ಲೆಕ್ಕದ ಪುಸ್ತಕವೇ 128 ಎಂಬಿ!

1991ರಲ್ಲಿ ಜರ್ಮನಿಯ ಬಳಕೆದಾರನೊಬ್ಬನ ಬಳಿ ಇದ್ದ ಇಡೀ ಮೆಮೊರಿ 2 ಎಂಬಿ. ಅಷ್ಟರಲ್ಲಿ ಕರ್ನಲ್ಲನ್ನು ಕಂಪೈಲ್ ಮಾಡಲಾಗದೆ ಆತ ಒದ್ದಾಡುತ್ತಿದ್ದ. ಅವನಿಗಾಗಿ ಲಿನಕ್ಸ್‌ನ ಸೃಷ್ಟಿಕರ್ತ ಲಿನಸ್ ಟೊರ್ವಾಲ್ಡ್ಸ್ ಆ ವರ್ಷದ ಕ್ರಿಸ್‌ಮಸ್ ಹೊತ್ತಿಗೆ ಕೂತು, ಪುಟಗಳನ್ನು ಡಿಸ್ಕಿಗೆ ಕಳಿಸುವ ವಿದ್ಯೆಯನ್ನು ಲಿನಕ್ಸ್‌ಗೆ ಕಲಿಸಿಬಿಟ್ಟರು! ಇವತ್ತು ಆ 2 ಎಂಬಿಯ ಅರವತ್ತನಾಲ್ಕು ಪಟ್ಟು ಜಾಗವನ್ನು ಕರ್ನಲ್ ಬರೀ ಲೆಕ್ಕ ಬರೆಯಲು ಬಳಸುತ್ತಿದೆ.

ಈಗ ಕರ್ನಲ್ಲಿನ ಇನ್ನೊಂದು ಮುಖ ನೋಡಿ. ಅದು ಸುಳ್ಳು ಹೇಳುತ್ತದೆ!

ಹೌದು, ನಿಮ್ಮ ಪ್ರೋಗ್ರಾಂಗಳಿಗೆ ಮುಖಕ್ಕೆ ಮುಖ ಕೊಟ್ಟು ಸುಳ್ಳು ಹೇಳುತ್ತದೆ. ಒಂದು ಪ್ರೋಗ್ರಾಂ 6 ಜಿಬಿ ಕೇಳಿತು. ತಗೋ, ಕೊಟ್ಟೆ! ಇನ್ನೊಂದು ಬಂದು 6 ಜಿಬಿ ಕೇಳಿತು. ತಗೋ, ನಿನಗೂ ಕೊಟ್ಟೆ! ಮೂರನೆಯದಕ್ಕೂ ಆರು. ಇರುವುದು ಎಂಟೇ ಜಿಬಿ, ಮಾತು ಕೊಟ್ಟದ್ದು ಹದಿನೆಂಟು!

ಹೇಗೆ ಸಾಧ್ಯ? ಕೊಟ್ಟದ್ದು ಬರೀ ವಿಳಾಸ. ಪುಟ ಕೊಟ್ಟೇ ಇಲ್ಲ. ಪ್ರೋಗ್ರಾಂ ಆ ವಿಳಾಸಕ್ಕೆ ಏನಾದರೂ ಬರೆಯಲು ಹೋದ ಕ್ಷಣದಲ್ಲಿ ಮಾತ್ರ ಕರ್ನಲ್ ಓಡಿಬಂದು ನಿಜವಾದ ಪುಟ ತಂದು ಕೂರಿಸುತ್ತದೆ. ಬರೆಯದೆ ಸುಮ್ಮನೆ ಓದಿದರೆ? ಆಗಲೂ ಹೊಸ ಪುಟ ಇಲ್ಲ! 4,096 ಸೊನ್ನೆಗಳ ಒಂದು ಪುಟವನ್ನು ಕರ್ನಲ್ ಮೊದಲೇ ಮಾಡಿಟ್ಟಿರುತ್ತದೆ. ಎಲ್ಲರಿಗೂ ಅದನ್ನೇ ತೋರಿಸುತ್ತದೆ!

ಕೇಳುವ ಪ್ರೋಗ್ರಾಂಗಳೂ ಕಡಿಮೆಯೇನಲ್ಲ ಬಿಡಿ. ಬೇಕಾದ್ದಕ್ಕಿಂತ ಎಷ್ಟೋ ಹೆಚ್ಚು ಕೇಳಿ ಇಟ್ಟುಕೊಳ್ಳುವುದು ಅವುಗಳ ಚಾಳಿ. ಕರ್ನಲ್ಲಿಗೆ ಅದು ಗೊತ್ತು.

ಈ ಕೈಚಳಕ ಎಲ್ಲಿಯವರೆಗೆ ಹೋಗಬಹುದು? ಇನ್ನೊಂದು ಪಂದ್ಯ! 16 ಜಿಬಿಯ ಒಂದು ಸರ್ವರ್. ಅದರೊಳಗೆ ವಿಂಡೋಸ್ ಎಕ್ಸ್‌ಪಿಯ ಕೃತಕ ಕಂಪ್ಯೂಟರ್‌ಗಳು. ಒಂದೊಂದಕ್ಕೂ 1 ಜಿಬಿ ಎಂದು ಗೊತ್ತುಮಾಡಿದೆ. ಎಷ್ಟು ಹಿಡಿದಾವು? ಹದಿನೈದು? ಕರ್ನಲ್ ಚೂರು ಹೊಂದಿಸಿಕೊಂಡರೆ ಹದಿನಾರು?

ಐವತ್ತೆರಡು!

ಗುಟ್ಟೇನು? ಅಷ್ಟೂ ಎಕ್ಸ್‌ಪಿಗಳ ಒಳಗಿನ ಎಷ್ಟೋ ಪುಟಗಳು ಅಕ್ಷರಶಃ ಒಂದೇ. 2009ರ ಕೊನೆಯಲ್ಲಿ ಲಿನಕ್ಸ್‌ಗೆ ಸೇರಿದ ಕೆಎಸ್‌ಎಂ ಎಂಬ ಭಾಗ ಮೆಮೊರಿಯಲ್ಲಿ ಅಲೆಯುತ್ತಾ ತದ್ರೂಪಿ ಪುಟಗಳನ್ನು ಹುಡುಕುತ್ತದೆ. ಸಿಕ್ಕಿದವೇ? ಒಂದನ್ನು ಉಳಿಸಿ ಮಿಕ್ಕವನ್ನು ತೆಗೆದುಹಾಕುತ್ತದೆ. ಯಾರಾದರೂ ಅದರ ಮೇಲೆ ಬರೆಯಲು ಹೊರಟರೆ ಆಗಷ್ಟೇ ಅವರಿಗೊಂದು ಬೇರೆ ಪ್ರತಿ. ಒಳಗಿರುವ ವಿಂಡೋಸ್‌ಗೆ ಸುಳಿವೇ ಇಲ್ಲ!

ಆದರೆ ಮಾತು ಕೊಟ್ಟ ಮೇಲೆ ಒಂದಲ್ಲ ಒಂದು ದಿನ ನಡೆಸಿಕೊಡಬೇಕಲ್ಲ? ಅದಕ್ಕೇ ಕರ್ನಲ್ ಮೂರು ಗೆರೆ ಎಳೆದುಕೊಂಡು ಕೂತಿರುತ್ತದೆ. ಮೇಲಿನದು, ಕೆಳಗಿನದು, ಕಟ್ಟಕಡೆಯದು.

ಖಾಲಿ ಪುಟಗಳು ಕೆಳಗಿನ ಗೆರೆಗಿಂತ ಇಳಿದವೋ, ‘ಕೆ-ಸ್ವಾಪ್-ಡಿ’ ಎಂಬ ಕೆಲಸಗಾರ ಎಚ್ಚರಗೊಳ್ಳುತ್ತಾನೆ. ಪುಟಗಳನ್ನು ಒಂದೊಂದಾಗಿ ಬಿಡಿಸುತ್ತಾ ಹೋಗುತ್ತಾನೆ. ಮೇಲಿನ ಗೆರೆ ಮುಟ್ಟಿದರೆ ಮತ್ತೆ ನಿದ್ದೆ. ಇದೆಲ್ಲ ತೆರೆಮರೆಯಲ್ಲೇ ನಡೆಯುತ್ತದೆ. ನಿಮಗೆ ಗೊತ್ತೇ ಆಗುವುದಿಲ್ಲ.

ಗೊತ್ತಾಗುವುದು ಯಾವಾಗ? ಅವನ ಕೈ ಸಾಲದೆ ಮಟ್ಟ ಕಟ್ಟಕಡೆಯ ಗೆರೆಯನ್ನೂ ದಾಟಿ ಕುಸಿದಾಗ! ಆಗ ಕರ್ನಲ್ ಮುಲಾಜಿಲ್ಲದೆ ಹೇಳುತ್ತದೆ, ಜಾಗ ಬೇಕಾದವರು ತಾವೇ ಮಾಡಿಕೊಳ್ಳಿ! ಪುಟ ಕೇಳಿದ ಪ್ರೋಗ್ರಾಂ ತನ್ನ ಕೆಲಸ ಬಿಟ್ಟು, ಕರ್ನಲ್ಲಿನೊಳಗೇ ನಿಂತು, ತನಗೆ ಬೇಕಾದ ಜಾಗವನ್ನು ತಾನೇ ತೆರವು ಮಾಡಬೇಕು. ಮೌಸ್ ಗಕ್ಕನೆ ನಿಂತು, ಎರಡು ಕ್ಷಣ ಬಿಟ್ಟು ಓಡುತ್ತದಲ್ಲ? ಎಷ್ಟೋ ಸಲ ಅದರ ಕಾರಣ ಇದೇ!

ಕಟ್ಟಕಡೆಯ ಗೆರೆಯ ಕೆಳಗೂ ಒಂದಿಷ್ಟು ಪುಟ ಉಳಿದಿರುತ್ತವೆ. ಸಾಮಾನ್ಯ ಪ್ರೋಗ್ರಾಂಗಳು ಮುಟ್ಟುವಂತಿಲ್ಲ. ಯಾಕಿಟ್ಟಿದೆ, ಹೇಳಿ ನೋಡೋಣ?

ಹೊಳೆಯಲಿಲ್ಲವೇ? ಮೆಮೊರಿ ಬಿಡಿಸಲಿಕ್ಕೇ ಮೆಮೊರಿ ಬೇಕು! ಪುಟವೊಂದನ್ನು ಡಿಸ್ಕಿಗೆ ಬರೆದು ತೆರವು ಮಾಡಬೇಕೆಂದರೆ, ಆ ಬರೆಯುವ ಕೆಲಸಕ್ಕೇ ಒಂದಿಷ್ಟು ಜಾಗ ಬೇಕಾಗುತ್ತದೆ. ಒಂದು ಪುಟವೂ ಉಳಿಯದಂತೆ ಖರ್ಚು ಮಾಡಿದರೆ ಇನ್ನೊಂದನ್ನು ಬಿಡಿಸಲೂ ಆಗದೆ ಯಂತ್ರ ಅಲ್ಲೇ ಕಲ್ಲಾಗಿ ನಿಂತುಬಿಡುತ್ತದೆ. ಮೊದಲ ಸಲ ಇದನ್ನು ಓದಿದಾಗ ಪುಸ್ತಕ ಮುಚ್ಚಿಟ್ಟು ನಕ್ಕಿದ್ದೇನೆ!

ಈಗ ಬರೋಣ ಆ ಪ್ರಶ್ನೆಗೆ. ಇಪ್ಪತ್ತು ಲಕ್ಷ ಪುಟಗಳಲ್ಲಿ ಯಾವುದನ್ನು ಹೊರಗೆ ಕಳಿಸುವುದು? ನಿಮಗೆ ಬೇಡವಾದದ್ದನ್ನು. ಸರಿ, ನಿಮಗೆ ಬೇಡವಾದದ್ದು ಯಾವುದು ಎಂದು ಕರ್ನಲ್ಲಿಗೆ ಹೇಗೆ ಗೊತ್ತು?

ಒಂದು ಬಿಟ್‌ನಿಂದ!

ಒಂದೇ ಒಂದು ಬಿಟ್. ಸೊನ್ನೆ ಅಥವಾ ಒಂದು. ವಿಳಾಸದಿಂದ ಪುಟಕ್ಕೆ ದಾರಿ ತೋರಿಸುವ 64 ಬಿಟ್‌ಗಳ ನಮೂದಿನಲ್ಲಿ ಅದೊಂದು ಮೂಲೆ ಹಿಡಿದು ಕೂತಿರುತ್ತದೆ. ಪುಟವನ್ನು ಯಾರಾದರೂ ಮುಟ್ಟಿದರೆ ಪ್ರೊಸೆಸರ್ ಅದನ್ನು ಒಂದು ಮಾಡುತ್ತದೆ. ಅಷ್ಟೇ! ಯಾವಾಗ ಮುಟ್ಟಿದರು? ಗೊತ್ತಿಲ್ಲ. ಎಷ್ಟು ಸಲ? ಗೊತ್ತಿಲ್ಲ! ಒಮ್ಮೆ ಮುಟ್ಟಿದರೂ ಒಂದು, ಕೋಟಿ ಸಲ ಮುಟ್ಟಿದರೂ ಒಂದು.

ಕರ್ನಲ್ ಆಗಾಗ ಬಂದು ನೋಡುತ್ತದೆ. ಒಂದಿದ್ದರೆ ಅಳಿಸಿ ಸೊನ್ನೆ ಮಾಡಿ ಹೋಗುತ್ತದೆ. ಮುಂದಿನ ಸಲ ಬಂದಾಗ ಮತ್ತೆ ಒಂದಾಗಿದೆಯೇ? ಹಾಗಾದರೆ ಈ ಪುಟ ಬಳಕೆಯಲ್ಲಿದೆ. ಸೊನ್ನೆಯಾಗಿಯೇ ಇದೆಯೇ? ನಿನ್ನ ಸರದಿ ಬಂತು, ನಡೆ!

ಈ ಉಪಾಯ ಎಷ್ಟು ಹಳೆಯದು, ಊಹಿಸಿ. ಲಿನಕ್ಸ್ ಕಾಲದ್ದೇ? ಅದಕ್ಕಿಂತ ಹಿಂದಿನದು. ಯೂನಿಕ್ಸ್? ಅದಕ್ಕೂ ಹಿಂದಿನದು! 1962ರಲ್ಲಿ ಮ್ಯಾಂಚೆಸ್ಟರ್‌ನಲ್ಲಿ ಉದ್ಘಾಟನೆಯಾದ ಅಟ್ಲಾಸ್ ಕಂಪ್ಯೂಟರ್‌ನಲ್ಲೇ ಪ್ರತಿ ಪುಟಕ್ಕೂ ‘ಬಳಕೆಯಾಯಿತು’ ಎಂದು ಹೇಳುವ ಒಂದು ಬಿಟ್ ಇತ್ತು! ಅದರ ಮುಖ್ಯ ಮೆಮೊರಿಯಲ್ಲಿ ಇದ್ದ ಪುಟಗಳೆಷ್ಟು ಗೊತ್ತೇ? ಮೂವತ್ತೆರಡು. ಸಾವಿರವಲ್ಲ, ಬರೀ ಮೂವತ್ತೆರಡು! ಅಲ್ಲಿಂದ ಇಪ್ಪತ್ತು ಲಕ್ಷಕ್ಕೆ ಬಂದಿದ್ದೇವೆ. ಸುಳಿವು ಮಾತ್ರ ಅದೇ ಒಂದು ಬಿಟ್!

ಇಷ್ಟು ಬಡ ಸುಳಿವಿನಿಂದ ಎಂಥ ಜಾಣತನ ಮಾಡುತ್ತದೆ ನೋಡಿ. ಪುಟಗಳನ್ನು ಎರಡು ಸಾಲು ಮಾಡುತ್ತದೆ, ಚುರುಕಿನವು ಮತ್ತು ಜಡವಾದವು. ಫೈಲಿನ ಹೊಸ ಪುಟ ಬಂದರೆ ಮೊದಲು ಜಡರ ಸಾಲಿಗೆ. ಅಲ್ಲಿದ್ದಾಗ ಇನ್ನೊಮ್ಮೆ ಯಾರಾದರೂ ಮುಟ್ಟಿದರೆ ಮಾತ್ರ ಚುರುಕಿನ ಸಾಲಿಗೆ ಬಡ್ತಿ.

ಇದರಿಂದ ಏನಾಯಿತು? ನೀವು 4 ಜಿಬಿಯ ಸಿನಿಮಾ ನಕಲು ಮಾಡಿದಿರಿ. ಅದರ ಹತ್ತು ಲಕ್ಷಕ್ಕೂ ಹೆಚ್ಚು ಪುಟಗಳು ಮೆಮೊರಿಯೊಳಗೆ ಬಂದವು. ಆದರೆ ಒಂದೊಂದನ್ನೂ ಓದಿದ್ದು ಒಂದೇ ಸಲ! ಹಾಗಾಗಿ ಜಡರ ಸಾಲಿನಲ್ಲೇ ಬಂದು, ಅಲ್ಲಿಂದಲೇ ಹೊರಗೆ ಹೋದವು. ದಿನವಿಡೀ ಬಳಸುವ ನಿಮ್ಮ ಎಡಿಟರ್‌ನ ಪುಟಗಳಿಗೆ ಧಕ್ಕೆಯೇ ಇಲ್ಲ!

ಆದರೂ ಇದೆಲ್ಲ ಊಹೆ. ಊಹೆ ತಪ್ಪುತ್ತದೆ. 1966ರಲ್ಲಿ ಐಬಿಎಂನ ಲಾಸ್ಲೊ ಬೆಲಾಡಿ ಅತ್ಯುತ್ತಮ ವಿಧಾನ ಯಾವುದೆಂದು ಹೇಳಿಯೇಬಿಟ್ಟರು. ಇನ್ನು ಮುಂದೆ ಅತಿ ದೀರ್ಘಕಾಲ ಯಾವ ಪುಟ ಬೇಕಾಗುವುದಿಲ್ಲವೋ ಅದನ್ನು ತೆಗೆಯಿರಿ. ಭೇಷ್! ಒಂದೇ ತೊಡಕು. ಅದಕ್ಕೆ ಭವಿಷ್ಯ ಗೊತ್ತಿರಬೇಕು!

ಭವಿಷ್ಯವಂತೂ ಗೊತ್ತಿಲ್ಲ. ತಾನು ಮಾಡಿದ ತಪ್ಪನ್ನಾದರೂ ನೆನಪಿಟ್ಟುಕೊಳ್ಳಬಹುದೇ?

ಇಲ್ಲಿದೆ ನನಗೆ ಎಲ್ಲಕ್ಕಿಂತ ಹೆಚ್ಚು ರೋಮಾಂಚನ ತರುವ ಸಂಗತಿ. 2014ರಲ್ಲಿ ಯೊಹಾನೆಸ್ ವೈನರ್ ಎಂಬ ಪ್ರೋಗ್ರಾಮರ್ ಬರೆದ ಕೋಡ್ ಕರ್ನಲ್ಲಿಗೆ ಸೇರಿತು. ಅಂದಿನಿಂದ ಕರ್ನಲ್ ಫೈಲಿನ ಪುಟವನ್ನು ಹೊರಗೆ ಕಳಿಸುವಾಗ ಆ ಜಾಗವನ್ನು ಸುಮ್ಮನೆ ಬಿಡುವುದಿಲ್ಲ. ಪುಟ ಎಲ್ಲಿದೆ ಎಂದು ಬರೆದಿಟ್ಟುಕೊಂಡಿದ್ದ ಕಡೆಯೇ ಒಂದು ನೆರಳು ಇಟ್ಟು ಹೋಗುತ್ತದೆ!

ನೆರಳಿನಲ್ಲಿ ಏನಿದೆ? ಒಂದು ಸಂಖ್ಯೆ. ಕರ್ನಲ್ಲಿನ ಬಳಿ ಏರುತ್ತಲೇ ಹೋಗುವ ಎಣಿಕೆಯೊಂದಿದೆ. ಪುಟ ಹೊರಹೋದ ಗಳಿಗೆಯಲ್ಲಿ ಅದು ಎಷ್ಟಿತ್ತೋ ಅದನ್ನೇ ನೆರಳಿನಲ್ಲಿ ಬರೆದಿಡುತ್ತದೆ.

ಈಗ ಹೋದ ಪುಟ ಮತ್ತೆ ಬೇಕಾಯಿತು ಎನ್ನಿ. ಕರ್ನಲ್ ಡಿಸ್ಕಿನ ಕಡೆ ಹೊರಡುವಾಗ ಎದುರಿಗೇ ಆ ನೆರಳು! ಇಂದಿನ ಎಣಿಕೆಯಿಂದ ನೆರಳಿನ ಎಣಿಕೆ ಕಳೆಯುತ್ತದೆ. ಬಂದ ಉತ್ತರ ಏನು ಹೇಳುತ್ತದೆ ಗೊತ್ತೇ? ಜಡರ ಸಾಲಿನಲ್ಲಿ ಇನ್ನೆಷ್ಟು ಪುಟಗಳಿಗೆ ಜಾಗ ಇದ್ದಿದ್ದರೆ ಈ ಪುಟ ಹೊರಹೋಗದೆ ಉಳಿಯುತ್ತಿತ್ತು ಎಂಬುದನ್ನು! ಅಷ್ಟು ಜಾಗವನ್ನು ಚುರುಕಿನ ಸಾಲಿನಿಂದ ಕಿತ್ತು ಕೊಡಬಹುದಿತ್ತು ಎಂದಾದರೆ ತೀರ್ಪು ಸ್ಪಷ್ಟ. ಕಳಿಸಿದ್ದೇ ತಪ್ಪು! ಹಾಗೆ ಮರಳಿದ ಪುಟಕ್ಕೆ ಜಡರ ಸಾಲಿನ ಉಮೇದುವಾರಿ ಇಲ್ಲ, ನೇರ ಚುರುಕಿನ ಸಾಲಿಗೆ ಪ್ರವೇಶ.

ಯೋಚಿಸಿ! ಮೆಮೊರಿಯಲ್ಲಿ ಇಲ್ಲವೇ ಇಲ್ಲದ ಪುಟದ ಬಗ್ಗೆ ಲೆಕ್ಕ! ಅದೂ ಒಂದು ಕಳೆಯುವ ಲೆಕ್ಕದಲ್ಲಿ!

ಈ ನ್ಯಾಯ ಇನ್ನೊಂದು ಜಗಳವನ್ನೂ ಬಿಡಿಸುತ್ತದೆ. ಪುಟಗಳಲ್ಲಿ ಎರಡು ಕುಲ. ಫೈಲಿನಿಂದ ಬಂದವು, ಪ್ರೋಗ್ರಾಂ ತಾನೇ ಹುಟ್ಟಿಸಿಕೊಂಡವು. ಮೊದಲನೆಯವನ್ನು ಎಸೆದರೂ ಡಿಸ್ಕಿನಲ್ಲಿ ಮೂಲ ಇದೆ. ಎರಡನೆಯವನ್ನು ಸ್ವಾಪ್‌ನಲ್ಲಿ, ಅಂದರೆ ಹೊರಹೋಗುವ ಪುಟಗಳಿಗೆಂದೇ ಮೀಸಲಿಟ್ಟ ಜಾಗದಲ್ಲಿ, ಬರೆದಿಟ್ಟೇ ಕಳಿಸಬೇಕು. ಯಾವ ಕುಲದ ಮೇಲೆ ಹೆಚ್ಚು ಒತ್ತಡ ಹಾಕಬೇಕು? ‘ಸ್ವಾಪಿನೆಸ್’ ಎಂಬ ತಿರುಪು ಹೇಳುತ್ತದೆ. ಮೊದಲಿನಿಂದ ಇಟ್ಟಿರುವ ಬೆಲೆ 60.

ಅರವತ್ತು ಎಂದರೆ ಮೆಮೊರಿ ಶೇ. 60 ತುಂಬಿದ ಮೇಲೆ ಸ್ವಾಪ್ ಶುರು ಎಂದು ತಿಳಿದವರೇ ಹೆಚ್ಚು. ಅಲ್ಲ! ಎರಡು ಕುಲಗಳನ್ನು ಮರಳಿ ತರುವ ಖರ್ಚಿನ ತೂಕ ಅದು. 100 ಇಟ್ಟರೆ ಎರಡೂ ಸಮ. 2020ರಿಂದ 200ರವರೆಗೂ ತಿರುಗಿಸಬಹುದು. ಸ್ವಾಪ್‌ಗೆ ಕಳಿಸುವುದೇ ಅಗ್ಗ ಎಂದು ಹೇಳುವ ಕಾಲವೂ ಬಂದಿದೆ!

ಅಗ್ಗ ಹೇಗೆ? ನಿಮ್ಮ ಜೇಬಿನ ಆಂಡ್ರಾಯ್ಡ್ ಫೋನ್ ನೋಡಿ. ಅದರ ಸ್ವಾಪ್ ಇರುವುದೆಲ್ಲಿ ಊಹಿಸಿ. ಮೆಮೊರಿಯೊಳಗೇ! ನಿತಿನ್ ಗುಪ್ತಾ ಆರಂಭಿಸಿದ ಝಡ್‌ರ್‍ಯಾಮ್ ಎಂಬ ವಿದ್ಯೆ ಅದು. ಹೊರಹಾಕಬೇಕಾದ ಪುಟವನ್ನು ಹಿಂಡಿ, ಕುಗ್ಗಿಸಿ, ಅಲ್ಲೇ ಪಕ್ಕದಲ್ಲಿ ಇಟ್ಟುಕೊಳ್ಳುತ್ತದೆ. ಇಡೀ ಪುಟದಲ್ಲಿ ಒಂದೇ ಬೆಲೆ ಮತ್ತೆ ಮತ್ತೆ ಬಂದಿದ್ದರಂತೂ ಪುಟವನ್ನು ಇಡುವುದೇ ಇಲ್ಲ. ಆ ಬೆಲೆಯೊಂದನ್ನು ಗುರುತು ಹಾಕಿಕೊಂಡರೆ ಮುಗಿಯಿತು. 4,096 ಬೈಟ್‌ಗಳ ಜಾಗದಲ್ಲಿ ಎಂಟು ಬೈಟ್!

ಇದೆಲ್ಲ ಇಷ್ಟು ನಯವಾಗಿ ಬೆಳೆದುಬಂತು ಎಂದುಕೊಳ್ಳಬೇಡಿ. 2001ರ ಸೆಪ್ಟೆಂಬರ್‌ನಲ್ಲಿ ಏನಾಯಿತು ಗೊತ್ತೇ? ಲಿನಕ್ಸ್ 2.4 ಆಗಲೇ ಜನರ ಕೈಯಲ್ಲಿತ್ತು, ‘ಸ್ಥಿರ’ ಆವೃತ್ತಿ ಎಂಬ ಹೆಸರಿನಲ್ಲಿ! 2.4.10 ಬರುವಾಗ ಟೊರ್ವಾಲ್ಡ್ಸ್ ರಿಕ್ ವಾನ್ ರೀಲ್ ಅವರ ಮೆಮೊರಿ ವ್ಯವಸ್ಥೆಯನ್ನು ಕಿತ್ತು ಆಂಡ್ರಿಯಾ ಆರ್ಕ್ಯಾಂಜೆಲಿ ಅವರದನ್ನು ಕೂರಿಸಿಬಿಟ್ಟರು. ಸ್ಥಿರ ಆವೃತ್ತಿಯ ನಡುಮಧ್ಯೆ! ಜಗಳ ಕೇಳಬೇಕೇ?

ಹೊಸ ಅಧ್ಯಾಯ ತೆರೆದದ್ದು 2022ರ ಡಿಸೆಂಬರ್‌ನಲ್ಲಿ, ಲಿನಕ್ಸ್ 6.1ರ ಜೊತೆ. ಗೂಗಲ್‌ನ ಯು ಝಾವೊ ಎರಡು ಸಾಲುಗಳ ಬದಲು ತಲೆಮಾರುಗಳನ್ನು ತಂದರು, ಹೆಚ್ಚೆಂದರೆ ನಾಲ್ಕು. ಈಗಷ್ಟೇ ಮುಟ್ಟಿದ ಪುಟ ಹೊಸ ತಲೆಮಾರಿನದು. ಹೊರಗೆ ಹೋಗುವುದು ಅತಿ ಹಳೆಯ ತಲೆಮಾರು. ತನ್ನ ಯಂತ್ರಗಳಲ್ಲಿ ಗೂಗಲ್ ಅಳೆದು ನೋಡಿದಾಗ ಕೆ-ಸ್ವಾಪ್-ಡಿ ತಿನ್ನುತ್ತಿದ್ದ ಪ್ರೊಸೆಸರ್ ಸಮಯ ಎಷ್ಟು ಇಳಿದಿತ್ತು? ಶೇ. 40! ಸುಳಿವು ಬದಲಾಯಿತೇ? ಇಲ್ಲ, ಅದೇ ಹಳೆಯ ಒಂದು ಬಿಟ್! ಅದನ್ನು ಓದುವ ಬಗೆಯಷ್ಟೇ ಬದಲಾದದ್ದು.

ಇಷ್ಟೆಲ್ಲ ಮಾಡಿಯೂ ಜಾಗ ಸಿಗದಿದ್ದರೆ? ಸ್ವಾಪ್ ತುಂಬಿದೆ, ಎಸೆಯಲು ಏನೂ ಉಳಿದಿಲ್ಲ, ಕೊಟ್ಟ ಮಾತೆಲ್ಲ ಒಟ್ಟಿಗೆ ಎದುರು ಬಂದು ನಿಂತಿದೆ?

ಆಗ ಕೊಲೆ!

ಕರ್ನಲ್ಲಿನೊಳಗೆ ನಿಜಕ್ಕೂ ಒಬ್ಬ ಕೊಲೆಗಾರನಿದ್ದಾನೆ, ‘ಔಟ್ ಆಫ್ ಮೆಮೊರಿ ಕಿಲ್ಲರ್’. ಪ್ರತಿ ಪ್ರೋಗ್ರಾಂಗೂ ಅಂಕ ಹಾಕುತ್ತಾನೆ. ಹೆಚ್ಚು ಮೆಮೊರಿ ಹಿಡಿದವನಿಗೆ ಹೆಚ್ಚು ಅಂಕ, ಮೊದಲ ಅಂಕದವನಿಗೆ ಸಾವು! 2004ರಲ್ಲಿ ಆಂಡ್ರಿಸ್ ಬ್ರೌವರ್ ಇದನ್ನು ಗೇಲಿ ಮಾಡಿ ಒಂದು ಕಥೆ ಕಟ್ಟಿದರು. ಕಡಿಮೆ ಇಂಧನ ತುಂಬಿಕೊಂಡು ಹಾರಿದರೆ ಖರ್ಚು ಉಳಿಯುತ್ತದೆ ಎಂದು ವಿಮಾನ ಕಂಪನಿಯೊಂದು ಕಂಡುಕೊಂಡಿತಂತೆ. ಅಪರೂಪಕ್ಕೆ ಇಂಧನ ಸಾಲದೆ ಬಂದಾಗ ಒಬ್ಬ ಪ್ರಯಾಣಿಕನನ್ನು ಆರಿಸಿ ಹೊರಗೆಸೆಯುವ ಯಂತ್ರ ಮಾಡಿತಂತೆ. ಆಮೇಲೆ ಚರ್ಚೆಯೆಲ್ಲ ಯಾರನ್ನು ಎಸೆಯಬೇಕು ಎಂಬುದರ ಮೇಲೆಯೇ!

ಬೆಂಗಳೂರಿನ ಐಟಿ ಕಚೇರಿಯಲ್ಲಿ ಸರ್ವರ್ ನೋಡಿಕೊಳ್ಳುವ ಯಾರನ್ನಾದರೂ ಕೇಳಿ, 137 ಎಂದರೇನು? ಮುಖ ಸಪ್ಪಗಾಗುತ್ತದೆ. ಕಂಟೇನರ್, ಅಂದರೆ ತನ್ನದೇ ಆವರಣದಲ್ಲಿ ಓಡುವ ಪ್ರೋಗ್ರಾಂಗಳ ಗುಂಪು, ಹೀಗೆ ಸತ್ತಾಗ ಬರುವ ಸಂಖ್ಯೆ ಅದು. 128ಕ್ಕೆ 9 ಕೂಡಿಸಿದರೆ 137, ಒಂಬತ್ತು ಎಂದರೆ ತಪ್ಪಿಸಿಕೊಳ್ಳಲಾಗದ ಸಾವಿನ ಸಂಕೇತ. ವಿಚಿತ್ರ ಏನೆಂದರೆ, ಸರ್ವರ್‌ನಲ್ಲಿ ನೂರು ಜಿಬಿ ಬಿಡುವಿದ್ದರೂ ಕಂಟೇನರ್ ಸಾಯಬಹುದು! ಒಂದೊಂದು ಗುಂಪಿಗೂ ಬೇರೆ ಬೇರೆ ಮೆಮೊರಿ ಮಿತಿ ಹಾಕುವ ಸೌಲಭ್ಯ 2008ರಲ್ಲಿ ಲಿನಕ್ಸ್‌ಗೆ ಬಂತು. ಅದರ ಮುಖ್ಯ ಕರ್ತೃಗಳಲ್ಲಿ ಒಬ್ಬರು ಭಾರತದ ಐಬಿಎಂ ಲ್ಯಾಬ್‌ನಲ್ಲಿದ್ದ ಬಲ್ಬೀರ್ ಸಿಂಗ್. ಮಿತಿ ದಾಟಿದ ಗುಂಪಿನೊಳಗೇ ವಿಚಾರಣೆ, ಅಲ್ಲೇ ಮರಣದಂಡನೆ.

ಸಾಯಿಸಿದರೂ ಒಮ್ಮೊಮ್ಮೆ ಪ್ರೋಗ್ರಾಂ ಸಾಯುವುದಿಲ್ಲ, ಗೊತ್ತೇ? ಯಾವುದೋ ಬೀಗಕ್ಕೆ ಕಾಯುತ್ತಾ ಒಳಗೆ ಸಿಕ್ಕಿಕೊಂಡಿರುತ್ತದೆ. ಸಾಯುವವರೆಗೆ ಮೆಮೊರಿ ಬಿಡುವುದಿಲ್ಲ, ಮೆಮೊರಿ ಸಿಗದೆ ಯಂತ್ರ ಮುಂದೆ ಹೋಗುವುದಿಲ್ಲ. ಅದಕ್ಕೇ 2016ರಲ್ಲಿ ಇನ್ನೊಬ್ಬ ಬಂದ, ‘ಊಮ್ ರೀಪರ್’. ಅವನು ಸಾವಿಗೆ ಕಾಯುವುದಿಲ್ಲ. ಪ್ರಾಣ ಹೋಗುವ ಮೊದಲೇ ಪುಟಗಳನ್ನೆಲ್ಲ ಕಿತ್ತುಕೊಂಡು ಹೊರಡುತ್ತಾನೆ!

ಅಂಕಪಟ್ಟಿಯನ್ನು ತಿದ್ದಲೂ ಬಹುದು. ಪ್ರತಿ ಪ್ರೋಗ್ರಾಂನ ಅಂಕಕ್ಕೆ ಮೈನಸ್ 1000ದಿಂದ 1000ದವರೆಗೆ ಕೂಡಿಸಬಹುದು. ದೂರದಿಂದ ಸರ್ವರ್‌ಗೆ ಲಾಗಿನ್ ಆಗಲು ಬಾಗಿಲು ಕಾಯುವ ಎಸ್‌ಎಸ್‌ಎಚ್ ಸೇವೆ ತನಗೆ ತಾನೇ ಮೈನಸ್ 1000 ಹಾಕಿಕೊಂಡು ಕೂತಿರುತ್ತದೆ. ಅದನ್ನು ಮುಟ್ಟುವಂತಿಲ್ಲ! ಅದೂ ಸತ್ತರೆ ಒಳಗೆ ಬಂದು ಸರಿಮಾಡುವವರಾರು?

ಇನ್ನು ತದ್ವಿರುದ್ಧ ಮಾಡುವವರೂ ಇದ್ದಾರೆ. ಬೇಕೆಂದೇ ಅಂಕ ಏರಿಸಿಟ್ಟು, ಮೊದಲು ಇವರನ್ನೇ ಕೊಲ್ಲು ಎಂದು ಕರ್ನಲ್ಲಿಗೆ ಒಪ್ಪಿಸುವವರು. ಯಾರಿರಬಹುದು?

ಕ್ರೋಮ್ ಬ್ರೌಸರ್! ಒಪ್ಪಿಸುವುದು ಯಾರನ್ನು? ತನ್ನದೇ ಟ್ಯಾಬ್‌ಗಳನ್ನು! ಇಡೀ ಬ್ರೌಸರ್ ಸಾಯುವ ಬದಲು ಒಂದೆರಡು ಟ್ಯಾಬ್ ಹೋದರೆ ಹೋಗಲಿ ಎಂಬ ಲೆಕ್ಕ. ಓದುತ್ತಿದ್ದ ಟ್ಯಾಬ್ ಇದ್ದಕ್ಕಿದ್ದಂತೆ ಬೋಳಾಗಿ, ಮತ್ತೆ ಲೋಡ್ ಮಾಡಿ ಎಂದು ಕೇಳಿದರೆ ಬೈಯುವ ಮುನ್ನ ಕರ್ನಲ್ಲಿನ ಲಾಗ್ ತೆರೆದು ನೋಡಿ. ಕೊಂದದ್ದು ಆ ಕೊಲೆಗಾರನೇ ಆದರೆ, ಸತ್ತವರ ಹೆಸರು, ಹಿಡಿದಿದ್ದ ಮೆಮೊರಿ ಎಲ್ಲವನ್ನೂ ತಾನೇ ಅಲ್ಲಿ ಬರೆದಿಟ್ಟಿರುತ್ತಾನೆ!